ಆಷಾಢಕ್ಕೆ ಮುಂದೂಡಿದ ಹಲ್ಲು

ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದವರೆಲ್ಲ ಫೋಟೊದ ಮುಂದೆ ಕೈ ಮುಗಿದು, ಶಾಮಿಯಾನದ ಕೆಳಗೆ ಕುಳಿತ ಮೇಲೆ ಕೇಳುತ್ತಿದ್ದದ್ದು ಒಂದೇ ಮಾತು: ಏನಾಗಿತ್ತು? ಅಕ್ಕ, ಅಂದರೆ ನಮ್ಮ ಮೇಷ್ಟ್ರ ಹೆಂಡತಿ, ಮೊದಮೊದಲು ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಹಲ್ಲಿನಿಂದ ಆಯಿತು ಎಂದರು. ಕೇಳಿದವರು ಅಕ್ಕನ ಮುಖವನ್ನೊಮ್ಮೆ, ಪಕ್ಕದಲ್ಲಿದ್ದ ನನ್ನ ಮುಖವನ್ನೊಮ್ಮೆ ನೋಡಿದರು. ದುಃಖದಲ್ಲಿ ಏನೋ ಹೇಳುತ್ತಿದ್ದಾಳೆ ಎಂದುಕೊಂಡಿರಬೇಕು. ಹುಣಸೂರು ಕಡೆಯಿಂದ ಬಂದಿದ್ದ ಅಕ್ಕನ ಸೋದರಮಾವ ನನ್ನನ್ನು ಮರೆಗೆ ಕರೆದು, ಕುಡಿತ ಗಿಡಿತ ಏನಾದರೂ ಇತ್ತೇನಪ್ಪ, ಮುಚ್ಚಿಡಬೇಡ ಎಂದು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಸೋತುಹೋಗಿ, ಹಾರ್ಟು ಎಂದು ಹೇಳತೊಡಗಿದರು. ಅದನ್ನು ಎಲ್ಲರೂ ತಕ್ಷಣ ಒಪ್ಪಿಕೊಂಡರು. ತಲೆಯಾಡಿಸಿ ಎದ್ದು ಊಟಕ್ಕೆ ಹೋದರು.

ಅವರನ್ನು ದೂರುವಂತಿಲ್ಲ. ನಾನು ಕಣ್ಣಾರೆ ಕಂಡವನು, ಡಾಕ್ಟರ ಬಾಯಿಂದಲೇ ಕೇಳಿದವನು. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಕೈ ತಾನಾಗಿ ನಿಂತುಬಿಡುತ್ತದೆ. ಮೇಲಿನ ಸಾಲಿನ ಒಂದು ಮುಂದಿನ ಹಲ್ಲು. ಅಷ್ಟಕ್ಕೆ ಒಬ್ಬ ಮನುಷ್ಯ ಹೋಗಿಬಿಡುವುದೇ?

ಅವರು ನಮ್ಮ ಬ್ಯಾಂಡ್‌ಸೆಟ್ಟಿನ ಕ್ಲಾರಿನೆಟ್ ಮೇಷ್ಟ್ರು. ಕಲ್ಯಾಣಮಂಟಪಗಳ ಮುಂದೆ ಕೆಂಪು ಕೋಟು, ಜರಿಪಟ್ಟಿ ಹಾಕಿಕೊಂಡು ಗಂಡಿನ ಕಡೆಯವರನ್ನು ಎದುರುಗೊಳ್ಳುತ್ತಾರಲ್ಲ, ಅಂಥ ತಂಡ ನಮ್ಮದು. ನಾನು ಸೈಡ್ ಡ್ರಮ್ ಬಾರಿಸುವವನು. ಅವರ ಎಡಕ್ಕೆ, ಒಂದು ಹೆಜ್ಜೆ ಹಿಂದೆ ನನ್ನ ಜಾಗ. ಆದ್ದರಿಂದ ಇಷ್ಟು ವರ್ಷ ನಾನು ಅವರನ್ನು ಹೆಚ್ಚಾಗಿ ಕಂಡದ್ದು ಓರೆಯಾಗಿ: ಒಂದು ಕಿವಿ, ಉಬ್ಬಿದ ಒಂದು ಕೆನ್ನೆ, ಕೋಟಿನ ಕಾಲರಿನ ಮೇಲೆ ಬೆವರಿನ ಗೆರೆ. ಆ ಕೆನ್ನೆ ಇಳಿಯುವ ರೀತಿಯಿಂದಲೇ ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ನನ್ನ ಕೈಗೆ ಗೊತ್ತಾಗುತ್ತಿತ್ತು.

ಕುಳ್ಳಗೆ, ಗುಂಡಗೆ ಇದ್ದರು. ಮಾತು ಕಡಿಮೆ. ದೇವರು ಬಾಯಿ ಕೊಟ್ಟಿರುವುದು ಊದುವುದಕ್ಕೆ, ಅದನ್ನು ಮಾತಾಡಿ ಸವೆಸಬಾರದು ಎನ್ನುವುದು ಅವರ ಮಾತು. ಹಾಗಂತ ಮುಖ ಗಂಟು ಹಾಕಿಕೊಂಡವರಲ್ಲ. ಯಾರಾದರೂ ಹೊಸಬ ತಾಳ ತಪ್ಪಿದರೆ ಬೈಯುತ್ತಿರಲಿಲ್ಲ, ಊದುತ್ತಲೇ ಹುಬ್ಬು ಎತ್ತುತ್ತಿದ್ದರು. ಆ ಹುಬ್ಬಿಗೆ ನಾವು ಬೈಗುಳಕ್ಕಿಂತ ಹೆಚ್ಚು ಹೆದರುತ್ತಿದ್ದೆವು.

ಉದಯಗಿರಿ ಕಡೆಯ ಒಂದು ಮದುವೆ ನೆನಪಾಗುತ್ತದೆ. ಎದುರುಗೊಳ್ಳುವಾಗ ಪಾನಕ ಕೊಡುವುದು ತಡವಾಯಿತೆಂದು ಬೀಗರಲ್ಲಿ ಜಗಳ ಹತ್ತಿತು. ಗಂಡಿನ ಚಿಕ್ಕಪ್ಪ ಬಾಗಿಲಲ್ಲೇ ನಿಂತು, ನಾವು ಒಳಗೆ ಕಾಲಿಡುವುದಿಲ್ಲ ಎಂದುಬಿಟ್ಟರು. ಹೆಣ್ಣಿನ ತಂದೆ ಕೈ ಮುಗಿಯುತ್ತಿದ್ದರು, ಹೆಣ್ಣಿನ ಸೋದರಮಾವ ತೋಳು ಮಡಿಸುತ್ತಿದ್ದರು. ನಾವು ವಾದ್ಯ ಕೆಳಗಿಳಿಸಿ ಬದಿಗೆ ಸರಿದೆವು. ಮೇಷ್ಟ್ರು ಮಾತ್ರ ನಿಂತಲ್ಲೇ ನಿಂತು, ಬಹಳ ಮೆಲ್ಲಗೆ, ಒಂದೇ ಸ್ವರ ಹಿಡಿದು ಊದತೊಡಗಿದರು. ಯಾವ ಹಾಡೂ ಅಲ್ಲ. ಕೂಗಾಡುತ್ತಿದ್ದವರಿಗೆ ತಮ್ಮ ಕೂಗು ತಮಗೇ ಅಸಹ್ಯವಾಗುವ ಹಾಗೆ ಅದು ನಡುವೆ ಇಳಿಯಿತು. ಚಿಕ್ಕಪ್ಪನವರ ದನಿ ತಗ್ಗಿತು. ಅಷ್ಟರಲ್ಲಿ ಪಾನಕದ ತಟ್ಟೆಯೂ ಬಂತು. ಆಮೇಲೆ ನಾನು ಕೇಳಿದ್ದಕ್ಕೆ ಅವರು ಹೇಳಿದ್ದು, "ಜಗಳಕ್ಕೆ ಶ್ರುತಿ ಇರಲ್ಲ ಕಣೋ. ಯಾರಾದ್ರೂ ಶ್ರುತಿ ಕೊಟ್ಬುಟ್ರೆ ನಿಂತೋಗುತ್ತೆ."

ಹೆಣ್ಣು ಕಳಿಸಿಕೊಡುವ ಹೊತ್ತಿಗೆ ಅಳುವ ಧಾಟಿಯ ಹಾಡು ನುಡಿಸಿ ಎಂದು ಜನ ಕೇಳುತ್ತಾರೆ. ಅವರು ನುಡಿಸುತ್ತಿರಲಿಲ್ಲ. ಅಳುವವರು ತಾವೇ ಅಳುತ್ತಾರೆ, ನಾವು ಯಾಕೆ ಅಳಿಸಬೇಕು ಎನ್ನುತ್ತಿದ್ದರು. ಚುರುಕಾದ ಒಂದು ನಡೆ ನುಡಿಸಿ ಹುಡುಗಿಯನ್ನು ಕಾರಿನವರೆಗೆ ನಡೆಸಿಕೊಂಡು ಹೋಗುತ್ತಿದ್ದರು. ಒಮ್ಮೆ ಒಬ್ಬ ಮದುಮಗಳು ಕಾರು ಹತ್ತುವ ಮೊದಲು ತಿರುಗಿ ನಿಂತು ಅವರಿಗೆ ನಮಸ್ಕಾರ ಮಾಡಿದಳು. ಬ್ಯಾಂಡಿನವರಿಗೆ ಯಾರೂ ನಮಸ್ಕಾರ ಮಾಡುವುದಿಲ್ಲ. ಅಂದು ಮೇಷ್ಟ್ರು ಕೊನೆಯ ಪಂಕ್ತಿಯಲ್ಲಿ ನಮ್ಮ ಜೊತೆ ಕುಳಿತು ಊಟ ಮಾಡುತ್ತ ಎಲೆಯನ್ನೇ ನೋಡುತ್ತಿದ್ದರು.

ಅವರ ಕ್ಲಾರಿನೆಟ್ಟಿನ ಆರೈಕೆ ನೋಡುವ ಹಾಗಿತ್ತು. ಕಾರ್ಯಕ್ರಮ ಮುಗಿದ ತಕ್ಷಣ, ಎಷ್ಟೇ ಹಸಿವಿರಲಿ, ಮೊದಲು ಅದರ ತುಂಡುಗಳನ್ನು ಬಿಚ್ಚಿ, ಹಳೆಯ ರೇಷ್ಮೆ ಸೀರೆಯ ಚೂರನ್ನು ದಾರಕ್ಕೆ ಕಟ್ಟಿ ಒಳಗೆಲ್ಲ ಎಳೆದು ಒರೆಸುತ್ತಿದ್ದರು. ತುಟಿಗೆ ಇಡುವ ಮೌತ್‌ಪೀಸನ್ನು ತೊಳೆದು ನೆರಳಲ್ಲಿ ಒಣಗಿಸುತ್ತಿದ್ದರು. ಎಂಜಲು ನಿಂತರೆ ಮರ ಕೊಳೆಯುತ್ತದೆ, ಒಳಗಿನ ಕೊಳೆತ ಕಣ್ಣಿಗೆ ಕಾಣುವುದಿಲ್ಲ, ಸ್ವರ ಹೋದ ಮೇಲೇ ಗೊತ್ತಾಗುವುದು ಎಂದು ನಮಗೆ ಪಾಠ ಹೇಳುತ್ತಿದ್ದರು. ಕೆಸರೆಯ ಅವರ ಮನೆಯ ಜಗಲಿಯಲ್ಲಿ ಒಂದು ದಿನ ಅವರು ಹೀಗೆ ಒರೆಸುತ್ತ ಕುಳಿತಿದ್ದಾಗ ಅಕ್ಕ ಕಾಫಿ ತಂದಿಟ್ಟು, "ಆ ಕೊಳವೆಗೆ ಮಾಡೋ ಸೇವೇಲಿ ಕಾಲು ಭಾಗ ನಿಮ್ ಬಾಯಿಗೆ ಮಾಡ್ಕೊಂಡಿದ್ರೆ ನಾನು ಪಕ್ಕದಲ್ಲಿ ಮಲಗಬಹುದಾಗಿತ್ತು ಕಣ್ರೀ" ಎಂದರು. ನಾನು ನಕ್ಕೆ. ಮೇಷ್ಟ್ರೂ ನಕ್ಕರು, ಆದರೆ ಬಾಯಿಗೆ ಕೈ ಅಡ್ಡ ಹಿಡಿದು.

ಕೈ ಅಡ್ಡ ಹಿಡಿಯುವುದು ಆ ಹಲ್ಲಿನಿಂದ ಬಂದ ಅಭ್ಯಾಸ. ಕೆಲವು ವರ್ಷಗಳ ಹಿಂದೆ ಗಣೇಶನನ್ನು ಬಿಡುವ ಮೆರವಣಿಗೆಯಲ್ಲಿ ಕುಣಿಯುತ್ತಿದ್ದವನೊಬ್ಬನ ಮೊಣಕೈ ಕ್ಲಾರಿನೆಟ್ಟಿಗೆ ತಗುಲಿ, ಮೌತ್‌ಪೀಸು ಮೇಲಿನ ಮುಂದಿನ ಹಲ್ಲಿಗೆ ಬಡಿದಿತ್ತು. ಸ್ವಲ್ಪ ರಕ್ತ ಬಂತು, ನಿಂತಿತು. ಹಲ್ಲು ಬೀಳಲಿಲ್ಲ. ಬರಬರುತ್ತ ಅದು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ನೋವಿರಲಿಲ್ಲವಾದ್ದರಿಂದ ಯಾರೂ ಅದರ ಯೋಚನೆ ಮಾಡಲಿಲ್ಲ. ಉಜ್ಜಿದರೆ ವಸಡಿನಲ್ಲಿ ರಕ್ತ ಬರುತ್ತದೆಂದು ಅವರು ಆ ಜಾಗವನ್ನು ಬಿಟ್ಟು ಉಜ್ಜುತ್ತಿದ್ದರು. ರಕ್ತ ಬಂದರೆ ಅಲ್ಲಿ ಮುಟ್ಟಬಾರದು ಎಂದು ನಾವೆಲ್ಲ ತಿಳಿದಿರುವುದೇ ಹಾಗೆ.

ಈ ವರ್ಷ ಮಾಘದಲ್ಲಿ ಆ ಹಲ್ಲಿನ ಮೇಲೆ ವಸಡಿನಲ್ಲಿ ಒಂದು ಸಣ್ಣ ಕುರು ಎದ್ದಿತು. ಒಡೆಯುವುದು, ಕೀವು ಬರುವುದು, ಮತ್ತೆ ತುಂಬಿಕೊಳ್ಳುವುದು. ಮೇಷ್ಟ್ರು ಉಪ್ಪುನೀರು ಮುಕ್ಕಳಿಸಿ, ಲವಂಗ ಕಚ್ಚಿಕೊಂಡು ಬರುತ್ತಿದ್ದರು. ಅವರು ಹತ್ತಿರ ಬಂದರೆ ಲವಂಗದ ವಾಸನೆ, ಅದರ ಹಿಂದೆ ಇನ್ನೊಂದು ವಾಸನೆ. ಕ್ಲಾರಿನೆಟ್ ಊದುವಾಗ ಮೇಲಿನ ಮುಂದಿನ ಹಲ್ಲುಗಳನ್ನು ಮೌತ್‌ಪೀಸಿನ ಮೇಲೆ ಊರಬೇಕು. ಊದಿದಷ್ಟು ಹೊತ್ತೂ ಅದರ ಅದುರು ನೇರವಾಗಿ ಹಲ್ಲಿಗೇ ಹೋಗುತ್ತದೆ. ಅವರು ಸೈಕಲ್ ಟ್ಯೂಬಿನ ಒಂದು ಚೂರು ಕತ್ತರಿಸಿ ಮೌತ್‌ಪೀಸಿನ ಮೇಲೆ ಅಂಟಿಸಿಕೊಂಡರು. ಈಗ ಮೆತ್ತಗಿದೆ, ಹಲ್ಲಿಗೆ ಹಾಸಿಗೆ ಹಾಕಿಕೊಟ್ಟಿದ್ದೀನಿ ಎಂದು ತಮಾಷೆ ಮಾಡಿದರು.

ತೋರಿಸಿಕೊಳ್ಳಿ ಎಂದು ನಾವು ಹೇಳದೆ ಇರಲಿಲ್ಲ. ಅವರು ಹೇಳಿದ್ದು ಆಷಾಢ ಬರಲಿ ಎಂದು.

ಇದು ನಮ್ಮ ಕಸುಬಿನವರನ್ನು ಬಿಟ್ಟು ಬೇರೆಯವರಿಗೆ ಅರ್ಥವಾಗುವುದು ಕಷ್ಟ. ನಮಗೆ ಮೈ ಎನ್ನುವುದು ಇರುವುದೇ ಆಷಾಢದಲ್ಲಿ. ಆ ತಿಂಗಳು ಮದುವೆಗಳಿಲ್ಲ. ಊರಿನವರೆಲ್ಲ ಶುಕ್ರವಾರ ದೇವಿಯ ದರ್ಶನಕ್ಕೆ ಬೆಟ್ಟ ಹತ್ತಲು ಸಾಲು ನಿಂತಿದ್ದರೆ ನಾವು ಆಸ್ಪತ್ರೆಗಳಲ್ಲಿ ಸಾಲು ನಿಂತಿರುತ್ತೇವೆ. ಡ್ರಮ್ಮಿಗೆ ಹೊಸ ಹೊದಿಕೆ, ಕೋಟಿಗೆ ತೇಪೆ, ಸೋರುವ ಮನೆಗೆ ಶೀಟು, ಕಣ್ಣಿಗೆ ಕನ್ನಡಕ, ಎಲ್ಲ ಆಗಲೇ. ನಮ್ಮ ಟ್ರಂಪೆಟ್ಟಿನವನು ಮೂಲವ್ಯಾಧಿಯನ್ನೂ ಎರಡು ಆಷಾಢಗಳವರೆಗೆ ತಳ್ಳಿಕೊಂಡು ಬಂದವನು. ಊದುವಾಗ ಅವನ ಮುಖ ನೋಡಿ ಜನ, ಎಷ್ಟು ಭಾವ ತುಂಬಿ ನುಡಿಸುತ್ತಾನೆ ಎನ್ನುತ್ತಿದ್ದರು. ಇದನ್ನು ಹೇಳಿ ಹೇಳಿ ಮೊದಲು ನಗುತ್ತಿದ್ದವರು ಮೇಷ್ಟ್ರೇ. ಮುಹೂರ್ತ ಯಾರಿಗೂ ಕಾಯುವುದಿಲ್ಲ, ಮೈ ಕಾಯುತ್ತದೆ ಎನ್ನುವುದು ನಮ್ಮಲ್ಲಿ ಯಾರೂ ಪ್ರಶ್ನೆ ಮಾಡದ ಲೆಕ್ಕಾಚಾರ. ಇಷ್ಟು ದಿನ ಅದು ಕಾದಿತ್ತು ಕೂಡ.

ಆದರೆ ಅವರ ವಿಷಯದಲ್ಲಿ ಆಷಾಢ ಒಂದು ನೆಪವೂ ಆಗಿತ್ತು. ಅದರ ಹಿಂದಿನ ಹೆದರಿಕೆ ನನಗೊಬ್ಬನಿಗೇ ಗೊತ್ತಿತ್ತು. ಅವರಿಗೆ ಕಲಿಸಿದ ಹಿರಿಯರೊಬ್ಬರಿದ್ದರು. ವಯಸ್ಸಾಗಿ ಮುಂದಿನ ಹಲ್ಲು ಬಿದ್ದಾಗ ಕಟ್ಟಿಸಿದ ಹಲ್ಲು ಹಾಕಿಸಿಕೊಂಡರು. ಊದಿದರೆ ಸೆಟ್ಟು ಅಲುಗಾಡುತ್ತಿತ್ತು, ಗಾಳಿ ಬದಿಯಿಂದ ಸೋರಿ ಬುಸುಗುಡುತ್ತಿತ್ತು. ಒಂದೆರಡು ಮದುವೆಗಳಲ್ಲಿ ಜನ ನಕ್ಕರು. ಆಮೇಲೆ ಆ ಹಿರಿಯರು ತಂಡದ ಹಿಂದೆ ಕಂಚಿನ ತಾಳ ಹಿಡಿದುಕೊಂಡು ನಡೆದರು. ತಾವು ಕಲಿಸಿದ ಹುಡುಗ ಮುಂದೆ ಊದುತ್ತಿದ್ದಾನೆ, ತಾವು ಹಿಂದೆ ತಾಳ ಹಾಕುತ್ತಿದ್ದಾರೆ. ಅದನ್ನು ಹೇಳುವಾಗ ಮೇಷ್ಟ್ರ ದನಿ ಬೇರೆಯಾಗುತ್ತಿತ್ತು. "ಹಲ್ಲಿನ ಡಾಕ್ಟ್ರು ಇಕ್ಕಳ ಇಟ್ಕೊಂಡೇ ಕೂತಿರ್ತಾರೆ ಕಣಪ್ಪ. ಬಾಯಿ ತೆಗೆದ್ರೆ ಕಿತ್ಬುಡ್ತಾರೆ. ಈ ಒಂದು ಹಲ್ಲು ಹೋದ್ರೆ ನಾನು ಯಾರು?"

ಫಾಲ್ಗುಣದಲ್ಲಿ ಜ್ವರ ಶುರುವಾಯಿತು. ಸಂಜೆ ಬರುವುದು, ಬೆಳಿಗ್ಗೆ ಬಿಡುವುದು. ಮೆಡಿಕಲ್ ಸ್ಟೋರಿನಿಂದ ಎರಡು ದಿನದ ಮಾತ್ರೆ ತಂದು ನುಂಗುತ್ತಿದ್ದರು. ಜ್ವರ ಬಿಡುತ್ತಿತ್ತು, ಮಾತ್ರೆ ನಿಲ್ಲಿಸುತ್ತಿದ್ದರು, ಮತ್ತೆ ಬರುತ್ತಿತ್ತು. ಎಲ್ಲರ ಮನೆಯಲ್ಲೂ ಯಾರಿಗಾದರೂ ಜ್ವರವಿದ್ದ ಕಾಲ, ವೈರಲ್ ಎಂದುಕೊಂಡೆವು. ರಾತ್ರಿ ಬೆವರಿ ದಿಂಬಿನ ಚೀಲ ಒದ್ದೆಯಾಗುತ್ತಿದೆ ಎಂದು ಅಕ್ಕ ಹೇಳಿದರು. ಬಿಸಿಲಿನ ಸೆಕೆ ಎಂದುಕೊಂಡೆವು. ಗುಂಡಗಿದ್ದವರು ಇಳಿದುಹೋದರು, ಕೋಟು ದೊಗಳೆಯಾಯಿತು. ಊದಿ ಊದಿ ಸೊರಗಿದ್ದಾರೆ ಎಂದುಕೊಂಡೆವು. ಹಲ್ಲಿಗೂ ಜ್ವರಕ್ಕೂ ಗಂಟು ಹಾಕಲು ನಮಗೆ ಯಾರಿಗೂ ತೋಚಲಿಲ್ಲ. ಹಲ್ಲು ಬಾಯಿಯಲ್ಲಿದೆ, ಜ್ವರ ಮೈಯಲ್ಲಿದೆ. ಎರಡು ಬೇರೆ ಬೇರೆ ಕಾಯಿಲೆ, ಎರಡಕ್ಕೂ ಬೇರೆ ಬೇರೆ ಮಾತ್ರೆ.

ಒಮ್ಮೆ ಅಕ್ಕನ ಬಲವಂತಕ್ಕೆ ರಾಜೀವನಗರದ ಒಬ್ಬ ಡಾಕ್ಟರಿಗೆ ತೋರಿಸಿದರು. ಅವರು ಎದೆಗೆ ಕೊಳವೆ ಇಟ್ಟು ಕೇಳಿ, ಒಳಗೆ ಏನೋ ಸದ್ದಿದೆ, ರಕ್ತ ಪರೀಕ್ಷೆ ಮಾಡಿಸಿ, ಹೃದಯದ ಆಸ್ಪತ್ರೆಗೆ ಹೋಗಿ ಬನ್ನಿ ಎಂದು ಬರೆದುಕೊಟ್ಟರು. ಬಾಯಿ ವಿಷಯ ಮೇಷ್ಟ್ರು ಅವರಿಗೆ ಹೇಳಲೇ ಇಲ್ಲ. ಜ್ವರಕ್ಕೆ ಬಂದವನು ಹಲ್ಲಿನ ವಿಷಯ ಯಾಕೆ ಹೇಳಬೇಕು? ಮಾರನೆಯ ದಿನ ಬೆಳಿಗ್ಗೆ ಮುಹೂರ್ತವಿತ್ತು. ಕೋಟು ಹಾಕಿಕೊಳ್ಳುತ್ತ ನನಗೆ ಹೇಳಿದರು, "ಎದೇಲಿ ಸದ್ದಿದೆಯಂತೆ. ಇಷ್ಟು ವರ್ಷ ಬ್ಯಾಂಡಲ್ಲಿದ್ದೋನ ಎದೇಲಿ ಸದ್ದಿಲ್ದೆ ಇನ್ನೇನಿರುತ್ತೆ?"

ಇನ್ನೂ ಒಂದು ವಿಷಯವಿತ್ತು. ಅದನ್ನು ಅವರು ಯಾವಾಗಲೋ ನಗುತ್ತ ಹೇಳಿದ್ದರು. ಚಿಕ್ಕವರಿದ್ದಾಗ ಮಂಡಿ, ಮೊಣಕೈ ಊದಿಕೊಂಡು ಜ್ವರ ಬಂದಿತ್ತಂತೆ. ಆಗ ಡಾಕ್ಟರು ದೊಡ್ಡವನಾಗುವವರೆಗೂ ತಪ್ಪದೆ ಸೂಜಿ ಹಾಕಿಸಬೇಕು ಎಂದಿದ್ದರಂತೆ. ಹುಡುಗ ಓಡಾಡಿಕೊಂಡು ಚೆನ್ನಾಗಿದ್ದಾನೆ, ಚುಚ್ಚಿಸಿ ಯಾಕೆ ಅಳಿಸುವುದು ಎಂದು ಅವರ ತಂದೆ ಕೆಲವು ತಿಂಗಳಿಗೇ ನಿಲ್ಲಿಸಿಬಿಟ್ಟರಂತೆ. ಸೂಜಿಯಿಂದ ತಮ್ಮ ಹಿಂಭಾಗ ಉಳಿಯಿತು ಎನ್ನುವುದು ಆ ಕಥೆಯ ಕೊನೆಯ ನಗು. ನಾನೂ ನಕ್ಕಿದ್ದೆ.

ಜ್ಯೇಷ್ಠದ ಕೊನೆಯ ಮುಹೂರ್ತಗಳಲ್ಲಿ ಒಂದು. ಸಂಜೆಯ ವರಪೂಜೆಗೆ ಗಂಡನ್ನು ಕರೆತರುತ್ತಿದ್ದೆವು. ಮಂಟಪ ಇನ್ನೂ ಸ್ವಲ್ಪ ದೂರವಿತ್ತು. ಎಡಗಡೆಯಿಂದ ನಾನು ನೋಡುತ್ತಿದ್ದ ಕೆನ್ನೆ ಉಬ್ಬಬೇಕಾದ ಕಡೆ ಉಬ್ಬಲಿಲ್ಲ. ಸ್ವರ ಅರ್ಧಕ್ಕೆ ನಿಂತಿತು. ನನ್ನ ಕೋಲುಗಳು ಇನ್ನೂ ಎರಡು ಪೆಟ್ಟು ಹಾಕಿದವು, ಆಮೇಲೆ ಅವೂ ನಿಂತವು. ಮೇಷ್ಟ್ರು ಕ್ಲಾರಿನೆಟ್ಟನ್ನು ಎದೆಗೆ ಒತ್ತಿಕೊಂಡು ಯಾರದೋ ಮನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಉಸಿರು ಸಾಲದೆ ಬಾಯಿ ತೆರೆದು ಮುಚ್ಚುತ್ತಿದ್ದರು. ತುಟಿ ನೀಲಿಗಟ್ಟಿತ್ತು. ಟ್ರಂಪೆಟ್ಟಿನವನಿಗೆ ನೀನು ಹಿಡಿ, ನಿಲ್ಲಿಸಬೇಡ ಎಂದು ಕೈಸನ್ನೆ ಮಾಡಿದರು. ದಿಬ್ಬಣ ಮುಂದೆ ಹೋಯಿತು. ನಾನು ಡ್ರಮ್ ಕಳಚಿ ಬೇರೆಯವನ ಕೊರಳಿಗೆ ಹಾಕಿ, ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಹೃದಯದ ಆಸ್ಪತ್ರೆಗೆ ಹೋದೆ.

ಅಲ್ಲಿಯ ಡಾಕ್ಟರು ಮಧ್ಯವಯಸ್ಸಿನವರು, ನಿಧಾನದ ಮನುಷ್ಯ. ಎದೆ ಕೇಳಿದರು. ಕೈಯ ಉಗುರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಆಮೇಲೆ ಬಾಯಿ ತೆಗೆಯಿರಿ ಎಂದರು. ಮೇಷ್ಟ್ರ ಕೈ ತಾನಾಗಿ ಬಾಯಿಗೆ ಅಡ್ಡ ಬಂತು. ಹೃದಯದ ಡಾಕ್ಟರಿಗೆ ಬಾಯಿ ಯಾಕೆ ಎಂದು ನಾನೂ ಅಂದುಕೊಂಡೆ. ಡಾಕ್ಟರು ಮೆಲ್ಲಗೆ ಆ ಕೈ ಸರಿಸಿ ಟಾರ್ಚು ಬಿಟ್ಟರು.

"ಇದು ಯಾವಾಗಿಂದ ಇದೆ?"

"ಮಾಘದಿಂದ ಸಾರ್. ಅದು ಬರೀ ಹಲ್ಲು."

ಡಾಕ್ಟರು ಟಾರ್ಚು ಆರಿಸಿದರು.

ಅಷ್ಟರಲ್ಲಿ ಅಕ್ಕ ಬಂದಿದ್ದರು. ರಕ್ತ ತೆಗೆದು, ಹೃದಯದ ಸ್ಕ್ಯಾನ್ ಮಾಡಿದ ಮೇಲೆ ನಮ್ಮಿಬ್ಬರನ್ನು ಒಳಗೆ ಕರೆದರು. ಪರದೆಯ ಮೇಲೆ ಕಪ್ಪುಬಿಳುಪಿನಲ್ಲಿ ಏನೋ ಬಡಿದುಕೊಳ್ಳುತ್ತಿತ್ತು. ಇದು ಕವಾಟ ಎಂದು ಬೆರಳಿಟ್ಟು ತೋರಿಸಿದರು. ಬಾಗಿಲಿನ ಹಾಗೆ ತೆರೆದು ಮುಚ್ಚುತ್ತಿತ್ತು. ಅದರ ತುದಿಯಲ್ಲಿ ಹತ್ತಿಯ ಎಳೆಯಂಥದ್ದು ಅಂಟಿಕೊಂಡು ಒಂದೊಂದು ಬಡಿತಕ್ಕೂ ಹಾರಾಡುತ್ತಿತ್ತು. ಅದು ಕ್ರಿಮಿಗಳ ಗೂಡು ಎಂದರು. ಎಲ್ಲಿಂದ ಬಂದವು ಎಂದು ಅಕ್ಕ ಕೇಳಿದರು. ಬಾಯಿಂದ ಎಂದರು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಬಾಯಿಯಲ್ಲಿ ಎಲ್ಲರಿಗೂ ಕ್ರಿಮಿಗಳಿರುತ್ತವೆ. ವಸಡು ಕೊಳೆತಿದ್ದರೆ, ಹಲ್ಲಿನ ಬೇರಿನಲ್ಲಿ ಕೀವು ನಿಂತಿದ್ದರೆ, ಅವು ಆಗಾಗ ರಕ್ತಕ್ಕೆ ಇಳಿಯುತ್ತವೆ. ಸಾಮಾನ್ಯವಾಗಿ ಮೈ ಅವನ್ನು ತಾನೇ ಕೊಂದುಹಾಕುತ್ತದೆ. ಆದರೆ ಮೇಷ್ಟ್ರ ಹೃದಯದ ಕವಾಟಕ್ಕೆ ಚಿಕ್ಕಂದಿನ ಆ ಕೀಲುಜ್ವರದಲ್ಲೇ ಗಾಯವಾಗಿತ್ತು. ಅಲ್ಲಿ ಕ್ರಿಮಿಗಳಿಗೆ ಕೂರಲು ಜಾಗ ಸಿಕ್ಕಿತು. ಅರ್ಧಂಬರ್ಧ ಮಾತ್ರೆಗೆ ಅವು ಸಾಯಲಿಲ್ಲ, ಸ್ವಲ್ಪ ಸುಮ್ಮನಿದ್ದು ಮತ್ತೆ ಎದ್ದವು. ಈಗ ಕವಾಟ ಹರಿದಿದೆ.

ಅಕ್ಕ ಕುರ್ಚಿಯಲ್ಲಿ ಕುಳಿತೇ ಇದ್ದರು, ಸೆರಗಿನ ತುದಿ ಕೈಯಲ್ಲೇ ಇತ್ತು. ಪ್ರತಿದಿನ ಪಕ್ಕದಲ್ಲೇ ನಿಂತು ಆ ಲವಂಗದ ವಾಸನೆ ಕುಡಿದವನು ನಾನು. ವಾಸನೆ ಮೂಗಿಗೆ ಬರುತ್ತಿದ್ದಾಗ ಅದು ಅವರ ಎದೆಗೆ ಇಳಿಯುತ್ತಿತ್ತೇ?

ಆಪರೇಷನ್ ಮಾಡಿ ಕವಾಟ ಬದಲಿಸಬೇಕು, ಅದಕ್ಕೆ ಮೊದಲು ನರಕ್ಕೆ ಔಷಧಿ ಕೊಟ್ಟು ಕ್ರಿಮಿ ತಗ್ಗಿಸಬೇಕು, ಅಲ್ಲಿಯವರೆಗೆ ಅವರು ತಾಳಬೇಕು ಎಂದು ಡಾಕ್ಟರು ಹೇಳಿದರು. ಆ ಎಳೆಯ ಒಂದು ಚೂರು ಕಿತ್ತು ಮೆದುಳಿಗೆ ಹೋದರೆ ಏನೂ ಮಾಡಲಾಗುವುದಿಲ್ಲ ಎಂದೂ ಹೇಳಿದರು. ತಾಳುತ್ತಾರಾ ಎಂದು ಅಕ್ಕ ಕೇಳಿದ್ದಕ್ಕೆ, ಸುಳ್ಳು ಭರವಸೆ ಕೊಡಲಾರೆ ತಾಯಿ ಎಂದರು. ಆಸ್ಪತ್ರೆಯಲ್ಲಿ ಮೇಷ್ಟ್ರು ಹೆಚ್ಚು ದಿನ ಇರಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಮುಖ ಒರೆಸುತ್ತಿದ್ದಾಗ ಅವರ ಬಾಯಿ ಒಂದು ಕಡೆಗೆ ಜಾರಿತು, ಕಣ್ಣು ನಿಂತಿತು. ಡಾಕ್ಟರು ಹೆದರಿದ್ದು ಅದಕ್ಕೇ. ಅಂದು ಸಂಜೆಯೊಳಗೆ ಹೋದರು. ಆಷಾಢ ಹುಟ್ಟುವುದಕ್ಕೆ ಇನ್ನೂ ಸ್ವಲ್ಪ ದಿನವಿತ್ತು.

ತಿಥಿ ಕಳೆದ ಮೇಲೆ, ಈ ಆಷಾಢದಲ್ಲಿ, ನಮ್ಮ ತಂಡದವರೆಲ್ಲ ಒಟ್ಟಾಗಿ ಹಲ್ಲಿನ ಕಾಲೇಜಿಗೆ ಹೋಗಿ ಬಾಯಿ ತೋರಿಸಿಕೊಂಡು ಬಂದೆವು. ಯಾರೂ ಯಾರಿಗೂ ಹೇಳಿ ಹೊರಡಿಸಬೇಕಾಗಲಿಲ್ಲ. ನಮ್ಮ ದೊಡ್ಡ ಡ್ರಮ್ಮಿನವನಿಗೆ ಸಕ್ಕರೆ ಕಾಯಿಲೆ. ವಸಡು ಕೆಟ್ಟರೆ ಸಕ್ಕರೆ ಏರುತ್ತದೆ, ಸಕ್ಕರೆ ಏರಿದರೆ ವಸಡು ಇನ್ನಷ್ಟು ಕೆಡುತ್ತದೆ ಎಂದು ಅಲ್ಲಿ ಹೇಳಿದಾಗ ಅವನು ಬಾಯಿ ಮುಚ್ಚುವುದನ್ನೇ ಮರೆತು ಕುಳಿತಿದ್ದ. ನನ್ನ ವಸಡಿನಲ್ಲೂ ರಕ್ತ ಬರುತ್ತದೆ. ಮುಟ್ಟದೆ ಬಿಡುವುದಲ್ಲ, ಮೆತ್ತಗೆ ಉಜ್ಜಲೇಬೇಕು ಎಂದರು. ಕಲ್ಲುಗಟ್ಟಿದ್ದನ್ನು ತೆಗೆದು ಸ್ವಚ್ಛ ಮಾಡಿ ಕಳಿಸಿದರು. ಹೊರಗೆ ಬಂದು ಬಸ್ಸಿಗೆ ನಿಂತಾಗ ಎಲ್ಲರ ಬಾಯೂ ಹಗುರವಾಗಿತ್ತು.

ಅವರ ಒಂದು ಸಂಜೆ ಉಳಿದಿದೆ. ಅದನ್ನು ಬರೆಯದಿದ್ದರೆ ಅವರನ್ನು ಬರೆದ ಹಾಗಾಗುವುದಿಲ್ಲ.

ಅದು ಅವರು ಹೋಗುವುದಕ್ಕೆ ಹಿಂದಿನ ದಿನ. ಔಷಧಿಗೆ ಜ್ವರ ಸ್ವಲ್ಪ ಇಳಿದಿತ್ತು. ದಿಂಬಿಗೆ ಒರಗಿ ಕುಳಿತು ಗಂಜಿ ಕುಡಿದಿದ್ದರು. ಕಾಯಿಲೆಯ ಮೂಲ ನೋಡಲು ಹಲ್ಲಿನ ಡಾಕ್ಟರನ್ನು ಕರೆಸಿದ್ದರು. ಬಂದವಳು ಚಿಕ್ಕ ವಯಸ್ಸಿನ ಹುಡುಗಿ, ನಮ್ಮ ಮದುವೆಗಳಲ್ಲಿ ಮದುಮಗಳ ಪಕ್ಕ ನಿಲ್ಲುವ ಗೆಳತಿಯ ಹಾಗಿದ್ದಳು. ಮೇಷ್ಟ್ರು ಮೊದಲು ನೋಡಿದ್ದು ಅವಳ ಕೈ. ಇಕ್ಕಳ ಇರಲಿಲ್ಲ. ಸಣ್ಣ ಕನ್ನಡಿ ಇತ್ತು.

ಅವಳು ಬಹಳ ಹೊತ್ತು ನೋಡಿದಳು. ಕನ್ನಡಿಯ ಹಿಡಿಯಿಂದ ಹಲ್ಲನ್ನು ಮೆತ್ತಗೆ ತಟ್ಟಿದಳು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಳು. ಹೇಳಿದರು. ಹಾಗಾದರೆ ಈ ಹಲ್ಲು ನಿಮಗೆ ಬೇಕೇಬೇಕಲ್ಲ ಎಂದಳು. ಮೇಷ್ಟ್ರು ಮಂಚದ ಕಂಬಿ ಹಿಡಿದುಕೊಂಡರು.

"ಕೀಳೋದೇನೂ ಬೇಡ ಅಂಕಲ್," ಎಂದಳು. "ಬೇರು ಗಟ್ಟಿಯಾಗಿದೆ. ನೀವು ಹುಷಾರಾದ ಮೇಲೆ ಒಳಗಿಂದ ಬೇರು ಕ್ಲೀನ್ ಮಾಡಿ ತುಂಬಿ, ಮೇಲೆ ಒಂದು ಕ್ಯಾಪ್ ಹಾಕ್ತೀವಿ. ಹಲ್ಲು ಅಲ್ಲೇ ಇರುತ್ತೆ. ಸ್ವಲ್ಪ ದಿನ ಬಿಟ್ಟು ಊದಬಹುದು."

ಅವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿಸಿದರು. ಮೂರನೆಯ ಸಲ, ಕಿತ್ತು ಬೇರೆ ಕಟ್ಟುವುದಲ್ಲ ತಾನೇ, ಇದೇ ಹಲ್ಲು ತಾನೇ ಎಂದು ಕೇಳಿದರು. ಇದೇ ಹಲ್ಲು ಎಂದು ಅವಳು ನಕ್ಕಳು. ಮಾಘದಲ್ಲೇ ಹೋಗಿದ್ದರೂ ಹೀಗೇ ಮಾಡುತ್ತಿದ್ದಿರಾ ಎಂದು ಕೇಳುವ ಮಾತು ನನ್ನ ಗಂಟಲಿಗೆ ಬಂತು. ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಅವಳು ಹೋದ ಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿದರು. ನಾನು ಏನನ್ನು ಎದುರಿಸಬೇಕಾಗುತ್ತದೋ ಎಂದು ಹೆದರಿದ್ದೆ. ಇಷ್ಟು ತಿಂಗಳು ಸುಮ್ಮಸುಮ್ಮನೆ ಹೆದರಿದೆನಲ್ಲ ಎಂದು ಅವರು ಕುಸಿಯುತ್ತಾರೆ ಎಂದುಕೊಂಡಿದ್ದೆ. ಅವರು ನಗುತ್ತಿದ್ದರು. ಬಾಯಿಗೆ ಕೈ ಅಡ್ಡ ಇರಲಿಲ್ಲ. ಆ ಕಂದು ಹಲ್ಲು ಪೂರ್ತಿ ಕಾಣುತ್ತಿತ್ತು.

"ಉಳಿಯುತ್ತಂತೆ ಕಣೋ."

ಅಕ್ಕನನ್ನು ಕರೆದರು. ಜ್ಯೇಷ್ಠದ ಶುರುವಿನಲ್ಲಿ ಒಬ್ಬರು ಶ್ರಾವಣದ ಮದುವೆಗೆ ಕೇಳಿದ್ದರು, ಆಷಾಢದಲ್ಲಿ ಹಲ್ಲು ಏನಾಗುತ್ತದೋ ಎಂದು ಮೇಷ್ಟ್ರು ಒಪ್ಪಿಕೊಂಡಿರಲಿಲ್ಲ. ಈಗ ಆ ಮದುವೆಯವರಿಗೆ ಫೋನ್ ಮಾಡಬೇಕು, ಬರುತ್ತೇವೆ ಎಂದು ಹೇಳಬೇಕು, ತಡ ಮಾಡಿದರೆ ಬೇರೆಯವರನ್ನು ಗೊತ್ತುಮಾಡಿಬಿಡುತ್ತಾರೆ ಎಂದು ಅವಸರ ಮಾಡಿದರು. ಅಷ್ಟು ಮಾತಿಗೇ ಉಸಿರು ಕಟ್ಟಿ, ಎದೆ ಹಿಡಿದುಕೊಂಡು ಸುಧಾರಿಸಿಕೊಂಡರು.

ಕವಾಟದ ವಿಷಯ ಅವರಿಗೆ ಪೂರ್ತಿ ಹೇಳಿರಲಿಲ್ಲ. ಅಕ್ಕನಿಗೂ ನನಗೂ ಗೊತ್ತಿತ್ತು. ಅಂದು ಬೆಳಿಗ್ಗೆಯಷ್ಟೇ ಡಾಕ್ಟರು, ಜ್ವರ ಇಳಿದರೂ ಹೃದಯ ಸೋಲುತ್ತಿದೆ, ಬರಬೇಕಾದವರನ್ನು ಕರೆಸಿಕೊಳ್ಳಿ ಎಂದಿದ್ದರು. ನಾನು ಅಕ್ಕನ ಮುಖ ನೋಡಲಾರದೆ ಔಷಧಿಯ ಬಾಟಲಿಯಿಂದ ಇಳಿಯುವ ಹನಿಗಳನ್ನು ನೋಡುತ್ತ ನಿಂತೆ.

ಅಕ್ಕ ಚೀಲದಿಂದ ಫೋನ್ ತೆಗೆದು ಅಲ್ಲೇ, ಅವರ ಎದುರಿಗೇ, ನಂಬರು ಹುಡುಕಿ ಒತ್ತಿದರು. ನಾನು ಇಂಥವರ ಮನೆಯವಳು ಎಂದು ಹೇಳಿಕೊಂಡರು. ಅತ್ತ ಕಡೆಯವರು ಏನೋ ಕೇಳಿದರು. ಅಕ್ಕ ಮೇಷ್ಟ್ರ ಕಡೆ ನೋಡಿದರು.

"ಹೂಂ, ಚೆನ್ನಾಗಿದ್ದಾರೆ," ಎಂದರು. "ಬರ್ತಾರೆ ಕಣಮ್ಮ. ಬೇರೆ ಯಾರಿಗೂ ಹೇಳ್ಬೇಡಿ."